94 ಕಿಲೋ ಮಾಂವಗ ಶುಗರ್ ಇಲ್ಲ, 66 ಕಿಲೋ ಅಳಿಯಾಗ ಯಾಕ ಬಂತು?

[ನಿರೂಪಕ ಕ್ಯಾಮೆರಾ ಮುಂದ, ಕೈಯಾಗ ಟೇಲರ್ ಟೇಪು]

ನಮಸ್ಕಾರ್ರಿ. ಮುಧೋಳ ಕಡಿಂದ ಒಬ್ಬ ತಮ್ಮ ಪ್ರಶ್ನಿ ಕಳಿಸ್ಯಾನ. ಓದ್ತೀನಿ, ಕೇಳ್ರಿ.

"ಅಣ್ಣಾರ, ನನ್ನ ತೂಕ 66 ಕಿಲೋ. ನಮ್ಮ ಸೋದರಮಾಂವಂದು 94. ಇಬ್ಬರೂ ಕೂಡೇ ಹೋಗಿ ರಕ್ತ ತಪಾಸಣಿ ಮಾಡಿಸಿದ್ವಿ. ಮಾಂವಂದು ಶುಗರ್ ನಾರ್ಮಲ್, ನನಗ ಶುಗರ್ ಬಂದೈತಿ. ಲಗ್ನಕ್ಕ ಹೋದಲ್ಲಿ ಎಲ್ಲಾರೂ ಮಾಂವನ ಎಲಿ ನೋಡಿ ಬೈತಿದ್ರು, ನನಗ ಇನ್ನೊಂದು ಹೋಳಿಗಿ ಹಾಕ್ತಿದ್ರು. ಇದು ಹೆಂಗ್ರಿ?"

ಈ ಪ್ರಶ್ನಿ ಹದಿನೈದು ದಿನ ನನ್ನ ತಲಿಯಾಗ ಕುಂತಿತ್ತು. ಯಾಕಂದ್ರ ನಮ್ಮ ಮನಿಯಾಗೂ ಇದ ಕತಿ. ನಮ್ಮಪ್ಪಾರ ಕೈಕಾಲು ಕಡ್ಡಿ ಇದ್ದಂಗ, ಶುಗರ್ ಮಾತ್ರ ಹತ್ತು ವರ್ಷದ್ದು.

ಮೊದಲಿನ ಪಾಠ ಲಗೂನ ಮುಗಿಸೂಣು. ಬಿಎಂಐ ಅಂದ್ರ ಕಿಲೋದಾಗಿನ ತೂಕಾನ ಮೀಟರಿನಾಗಿನ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರೂ ಅಂಕಿ. ನಮ್ಮ ದೇಶದವರಿಗೆ 23 ದಾಟಿದ್ರ ತೂಕ ಜಾಸ್ತಿ, 25 ದಾಟಿದ್ರ ಬೊಜ್ಜು ಅಂತ ಡಾಕ್ಟರ್ರು ಹಿಡೀತಾರ. ಆದ್ರ ಕೊಬ್ಬು ಮೈಯಾಗ ಎಲ್ಲಿ ಕುಂತೈತಿ ಅಂತ ಈ ಅಂಕಿ ಹೇಳಂಗಿಲ್ಲ. ಎಲ್ಲಿ ಅನ್ನೂದರ ಮ್ಯಾಲ ಭಾಳ ನಿಂತೈತಿ ಅಂತ 1947ರಾಗನ ಫ್ರಾನ್ಸಿನ ಮಾರ್ಸೇಯ್ ಊರಿನ ಡಾಕ್ಟರ್ ಜಾನ್ ವಾಗ್ ಬರದಿದ್ರು. ತೊಡಿ, ಕುಂಡಿ ಕಡೆ ಕೊಬ್ಬಿದ್ದವರಿಗಿಂತ ಹೊಟ್ಟಿ ಕಡೆ ಇದ್ದವರಿಗೆ ಸಕ್ಕರಿ ಕಾಯಿಲಿ ಜಾಸ್ತಿ ಅಂತ ಅವರು ಕಂಡಿದ್ರು.

[ಚಿತ್ರ: ಹಗೇವಿನ ಬಾಯಿ, ಮ್ಯಾಲ ಚಪ್ಪಡಿ ಕಲ್ಲು]

ಇದು ಯಾಕ ಹಿಂಗ ಅನ್ನೂದು ತಿಳೀಬೇಕಂದ್ರ ನಮ್ಮಜ್ಜನ ಮನಿ ಮುಂದಿನ ಹಗೇವಿಗೆ ಹೋಗೂಣು ಬರ್ರಿ. ಈಗಿನ ಹುಡುಗರು ನೋಡಿರಲಿಕ್ಕಿಲ್ಲ. ಹಗೇವು ಅಂದ್ರ ಜೋಳ ತುಂಬಿಡಾಕ ನೆಲದಾಗ ತೋಡಿದ ಗುಂಡಿ. ಬಾಯಿ ಸಣ್ಣದು, ಒಬ್ಬ ಮನಷ್ಯಾ ಇಳಿಯುವಷ್ಟ. ಒಳಗ ಹೊಟ್ಟಿ ದೊಡ್ಡದು. ತಳಕ್ಕ, ಸುತ್ತಲೂ ಹುಲ್ಲು ಒತ್ತಿ, ಜೋಳ ಸುರುವಿ, ಮ್ಯಾಲ ಕಲ್ಲು ಮುಚ್ಚಿ, ಮಣ್ಣು ಮೆತ್ತತಿದ್ರು. ತೆಗೆಯೂ ದಿನ ಅಜ್ಜ ನಮ್ಮನ್ನ ಹತ್ರ ಬಿಡ್ತಿರಲಿಲ್ಲ. ಕಲ್ಲು ಸರಿಸಿ, ಒಳಗಿನ ಝಳ ಹೋಗಲಿ ಅಂತ ಕಾದು, ಹಗ್ಗಕ್ಕ ದೀಪ ಕಟ್ಟಿ ಇಳಿಬಿಡ್ತಿದ್ದ. ದೀಪ ಆರಿದ್ರ ಯಾರೂ ಇಳಿಯಂಗಿಲ್ಲ. ಉರದ್ರ ಆಳು ಇಳೀತಿದ್ದ. ಆ ಹೊತ್ತಿಗೆ ಬರ್ತಿದ್ದ ಮುಗ್ಗು ವಾಸನಿ ಇನ್ನೂ ನನ್ನ ಮೂಗಿನಾಗ ಐತಿ.

ನಮ್ಮ ತೊಗಲಿನ ಕೆಳಗಿನ ಕೊಬ್ಬು, ಅದರಾಗೂ ತೊಡಿ, ಕುಂಡಿ ಕಡೇದು, ಈ ಹಗೇವು ಇದ್ದಂಗ. ಸುಗ್ಗಿಯಾಗ ತುಂಬತೈತಿ, ಬರಗಾಲದಾಗ ಕೊಡತೈತಿ. ಜೋಳ ಒಳಗಿದ್ದಷ್ಟು ದಿನ ಮನಿಯಾಗ ಯಾರಿಗೂ ತ್ರಾಸಿಲ್ಲ.

ಈಗ ನೋಡ್ರಿ. ಹಗೇವು ತುಂಬೈತಿ, ಗಾಡಿ ಮ್ಯಾಲ ಗಾಡಿ ಜೋಳ ಬರಾಕತ್ತೈತಿ. ಎಲ್ಲಿ ಇಡ್ತೀರಿ? ಮೊದಲ ಪಡಸಾಲಿಯಾಗ ನಾಕು ಚೀಲ. ಆಮ್ಯಾಲ ಅಡಿಗಿಮನಿ ಬಾಗಲಿಗೆ. ಆಮ್ಯಾಲ ದೇವರ ಜಗಲಿ ಮುಂದ. ಜೋಳ ಕೆಟ್ಟದ್ದಲ್ಲ, ಅದ ಜೋಳ. ಆದ್ರ ಒಲಿ ಮುಂದ ಚೀಲ ಬಿದ್ರ ಅವ್ವ ರೊಟ್ಟಿ ಎಲ್ಲಿ ಬಡೀಬೇಕು? ಚೀಲಕ್ಕ ನುಸಿ ಹತ್ತತೈತಿ, ಇಲಿ ಬರತೈತಿ.

ಮೈಯಾಗೂ ಹಿಂಗ ಆಗತೈತಿ. ತೊಗಲಿನ ಕೆಳಗ ಜಾಗ ಸಾಲದಾಗ ಕೊಬ್ಬು ಕರುಳಿನ ಸುತ್ತ ಕೂಡತೈತಿ, ಲಿವರಿಗೆ ನುಗ್ಗತೈತಿ, ಮಾಂಸಖಂಡಕ್ಕ, ರಕ್ತದಾಗಿನ ಸಕ್ಕರಿ ಹತೋಟಿಯಾಗಿಡೂ ಇನ್ಸುಲಿನ್ ಮಾಡೂ ಮೇದೋಜೀರಕ ಗ್ರಂಥಿಗೂ ಹೋಗತೈತಿ. ತುಂಬಿ ಬಿರಿಯೂ ಕೊಬ್ಬಿನ ಕೋಶಕ್ಕ ನುಸಿ ಹತ್ತಿದಂಗ ಉರಿಯೂತ ಹತ್ತತೈತಿ. ಕರುಳಿನ ರಕ್ತ ನೇರ ಲಿವರಿಗೇ ಹೋಗತೈತಿ, ಹಿಂಗಾಗಿ ಕರುಳಿನ ಸುತ್ತಲಿನ ಕೊಬ್ಬು ಬಿಟ್ಟಿದ್ದು ಮೊದಲ ಮುಟ್ಟೂದು ಲಿವರ್‌ನ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಕೇಳಂಗಿಲ್ಲ. "ಸಾಕು, ಸಕ್ಕರಿ ಮಾಡಬ್ಯಾಡ" ಅಂತ ಇನ್ಸುಲಿನ್ ಹೇಳಿದ್ರೂ ರಾತ್ರಿಪೂರಾ ಸಕ್ಕರಿ ಮಾಡಿ ರಕ್ತಕ್ಕ ಬಿಡತೈತಿ. ರಾತ್ರಿ ಅರ್ಧ ರೊಟ್ಟಿ ತಿಂದು ಮಲಗಿದವರಿಗೂ ಮುಂಜಾನೆ ಖಾಲಿ ಹೊಟ್ಟ್ಯಾಗ ಶುಗರ್ 150 ಬರೂದು ಹಿಂಗ.

ಮಾಂವನ ಹಗೇವು ದೊಡ್ಡದು, ಅಳಿಯಂದು ಸಣ್ಣದು. ನಾ ನಂಬಿದ ಉತ್ತರ ಇದ.

ಹಗೇವೇ ಇಲ್ಲದ ಮನಿ ಹೆಂಗಿರತೈತಿ ಗೊತ್ತೇನ್ರಿ? ಲಿಪೊಡಿಸ್ಟ್ರೋಫಿ ಅಂತ ಒಂದು ಅಪರೂಪದ ಕಾಯಿಲಿ ಐತಿ. ಅದರ ಒಂದು ನಮೂನಿಯೊಳಗ ಹುಟ್ಟಿನಿಂದನ ತೊಗಲಿನ ಕೆಳಗ ಕೊಬ್ಬು ಇರಂಗಿಲ್ಲ. ನರ ಎದ್ದು ಕಾಣತಾವ, ಮೈ ಗರಡಿ ಪೈಲ್ವಾನರ ಹಂಗ ಕಾಣತೈತಿ. ಆರೋಗ್ಯ ನೋಡಿದ್ರ ಸಣ್ಣ ವಯಸ್ಸಿನಾಗ ಜಬರ ಶುಗರ್, ಫ್ಯಾಟಿ ಲಿವರ್. ಕೊಬ್ಬಿಲ್ಲದ ಮೈಯಾಗ ಲಿವರ್ ಕೊಬ್ಬಿನಿಂದ ತುಂಬಿರತೈತಿ! ಇದನ್ನ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನ ಕುಂತಿದ್ದೆ.

ಇದಕ್ಕ ಉಲ್ಟಾ ಪರೀಕ್ಷಾನೂ ಆಗೈತಿ. ಅಮೆರಿಕಾದ ಸೇಂಟ್ ಲೂಯಿಸ್‌ದಾಗ ಸ್ಯಾಮ್ಯುಯೆಲ್ ಕ್ಲೈನ್ ಅನ್ನೂ ಡಾಕ್ಟರ ತಂಡ ಬೊಜ್ಜಿದ್ದ 15 ಹೆಣ್ಮಕ್ಕಳ ಹೊಟ್ಟಿ ತೊಗಲಿನ ಕೆಳಗಿನ ಕೊಬ್ಬನ್ನ ನಳಿಗಿ ಹಾಕಿ ಎಳದು ತಗೀತು. ಒಬ್ಬೊಬ್ಬರಿಂದ ಸುಮಾರು 10 ಕಿಲೋ. 10-12 ವಾರ ಬಿಟ್ಟು ನೋಡಿದ್ರ ಇನ್ಸುಲಿನ್ ಕೆಲಸದಾಗ ಸುಧಾರಣಿ ಇಲ್ಲ, ಬಿಪಿ, ಕೊಲೆಸ್ಟರಾಲ್ ಇದ್ದಂಗ. 2004ರಾಗ ಇದು ಪ್ರಕಟ ಆತು. ಹಗೇವಿನ ಜೋಳ ತಗದ್ರ ಅಡಿಗಿಮನಿ ಚೀಲ ಸರಿಯಂಗಿಲ್ಲಲ್ರಿ? ಹೊಟ್ಟಿ ಕೊಬ್ಬು ಎಳಸಾಕ ಲಕ್ಷಗಟ್ಟಲೆ ಇಡೂ ಮಂದಿ ಇದನ್ನ ತಿಳೀಬೇಕು.

[ಚಿತ್ರ: ಇಬ್ಬರು ಡಾಕ್ಟರ್ರ ರೇಖಾಚಿತ್ರ]

ಅದ 2004ರಾಗ ಒಂದು ಫೋಟೋ ಬಂತು. ಇದು ನಮ್ಮ ಮಗ್ಗಲ ಪುಣೆದ್ದು. ಕೆಇಎಂ ಆಸ್ಪತ್ರಿಯ ಡಾಕ್ಟರ್ ಚಿತ್ತರಂಜನ ಯಾಜ್ಞಿಕ, ಲಂಡನ್ನಿನ ಡಾಕ್ಟರ್ ಜಾನ್ ಯುಡ್ಕಿನ್, ಇಬ್ಬರೂ ಬಾಜೂಕ ನಿಂತಾರ. ಇಬ್ಬರ ಬಿಎಂಐ 22.3. ಮಷಿನ್ನಿನಾಗ ಕೊಬ್ಬು ಅಳದ್ರು. ಯುಡ್ಕಿನ್ ಅವರದು ನೂರಕ್ಕ 9.1. ನಮ್ಮ ಯಾಜ್ಞಿಕ ಅವರದು 21.2. ಎರಡು ಪಟ್ಟಿಗಿಂತ ಜಾಸ್ತಿ! ಪುಣೆ ಸುತ್ತಲಿನ ಹಳ್ಳಿಯಾಗ ಹುಟ್ಟಿದ ಕೂಸುಗಳನ್ನೂ ಯಾಜ್ಞಿಕ ತಂಡ ನೋಡೈತಿ. ಇಂಗ್ಲೆಂಡಿನ ಕೂಸುಗಳಿಗಿಂತ ತೂಕ ಕಡಿಮಿ, ಮಾಂಸಖಂಡ ಭಾಳ ಕಡಿಮಿ, ಕೊಬ್ಬು ಮಾತ್ರ ಹೆಚ್ಚೂಕಡಿಮಿ ಅಷ್ಟ. ಬಡಕಲು ಕಾಣೂ ಕೂಸಿನಾಗ ಕೊಬ್ಬಿನ ಪಾಲು ಜಾಸ್ತಿ. ಅಳಿಯಾ, ಇದು ನಿನ್ನ ತಪ್ಪಲ್ಲಪಾ. ಹೊಟ್ಯಾಗಿದ್ದಾಗ ನಿಮ್ಮವ್ವಗ ಉಣ್ಣಾಕ ಏನು ಸಿಕ್ಕಿತ್ತು ಅನ್ನೂದೂ ಇದರಾಗ ಸೇರೈತಿ.

2023ರಾಗ ಬಂದ ಐಸಿಎಂಆರ್, ಅಂದ್ರ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷಾ 1 ಲಕ್ಷ 13 ಸಾವಿರ ಮಂದೀನ ಅಳದಿತ್ತು. ಬಿಎಂಐ ಲೆಕ್ಕದಾಗ ಬೊಜ್ಜಿದ್ದವರು ನೂರಕ್ಕ 28.6, ಹೊಟ್ಟಿ ಅಳತಿ ಲೆಕ್ಕದಾಗ 39.5. ತಕ್ಕಡಿ ಹಿಡಿಯದ ಎಷ್ಟು ಮಂದೀನ ಟೇಪು ಹಿಡೀತು ನೋಡ್ರಿ.

[ನಿರೂಪಕ ಎದ್ದು ನಿಂತು ಅಂಗಿ ಎತ್ತಿ ಅಳೆದು ತೋರಿಸ್ತಾನ]

ಅಳಿಯೂದು ಹಿಂಗ. ಕಡೀ ಪಕ್ಕೆಲಬು ಮುಟ್ಟಿ ನೋಡ್ರಿ, ಸೊಂಟದ ಎಲಬಿನ ಮ್ಯಾಲಿನ ಅಂಚು ಮುಟ್ರಿ, ನಡುವ ಟೇಪು ಹಚ್ಚರಿ. ಉಸಿರು ಸಹಜ ಬಿಟ್ಟಾಗ ಓದ್ರಿ, ಹೊಟ್ಟಿ ಒಳಗ ಎಳಕೋಬ್ಯಾಡ್ರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಣ್ಮಕ್ಕಳಿಗೆ 80, ಅದನ್ನ ದಾಟಿದ್ರ ಶುಗರ್, ಬಿಪಿ ತಪಾಸಣಿ ಮಾಡಿಸ್ರಿ. ಪ್ಯಾಂಟಿನ ನಂಬರ್ ನಂಬಬ್ಯಾಡ್ರಿ. ನಮ್ಮಪ್ಪಾರು ಹತ್ತು ವರ್ಷದಿಂದ 34 ನಂಬರ್ ಹಾಕ್ತಾರ, ಯಾಕಂದ್ರ ಪ್ಯಾಂಟು ಹೊಟ್ಟಿ ಕೆಳಗ ಸರದೈತಿ. ಖರೇ ಹೇಳಿದ್ದು ಉಡದಾರ. ವರ್ಷಾ ಗಂಟು ಸಡಲ ಮಾಡ್ತಿದ್ರು. ಒಮ್ಮೆ ಬಿಚ್ಚಿದಾಗ ಸೊಂಟದ ಸುತ್ತ ಕೆಂಪಗ ಗೆರಿ ಮೂಡಿತ್ತು. ಅದನ್ನ ನೋಡೇ ತಪಾಸಣಿಗೆ ಕರಕೊಂಡು ಹೋಗಿದ್ದೆ. ಅಕ್ಕಾರು, ನಿಮ್ಮ ಪರಕಾರದ ಲಾಡಿ ನೋಡ್ರಿ, ಗಂಟು ಹಾಕಿದ ಮ್ಯಾಲ ತುದಿ ಎಷ್ಟು ಉಳೀತೈತಿ, ಹೋದ ವರ್ಷ ಎಷ್ಟು ಉಳೀತಿತ್ತು.

ಟೈಮ್ ಆತು, ಉಳಿದದ್ದು ಒಂದ ಉಸಿರಿನಾಗ. ಮುಟ್ಟು ನಿಂತ ಮ್ಯಾಲ ಹೆಣ್ಮಕ್ಕಳ ಕೊಬ್ಬು ತೊಡಿ ಕಡಿಂದ ಹೊಟ್ಟಿ ಕಡೆ ವಾಲತೈತಿ, 50ರ ಮ್ಯಾಲ ಅಳತಿ ಬಿಡಬ್ಯಾಡ್ರಿ. ನಡಿಗಿ, ಮೈಬಗ್ಗಿಸಿ ದುಡಿಮಿ ಸುರು ಮಾಡಿದ್ರ ಒಳಗಿನ ಕೊಬ್ಬು ಮೊದಲ ಕರಗತೈತಿ, ತಕ್ಕಡಿ ಇನ್ನೂ ಅಲ್ಲೇ ಇದ್ರೂ ಟೇಪು ಇಳೀತೈತಿ. ಲಿವರ್ ಕೊಬ್ಬು ಸ್ವಲ್ಪ ತೂಕ ಇಳಿದ್ರೂ ಲಗೂನ ಇಳೀತೈತಿ. ಪಯೊಗ್ಲಿಟಜೋನ್ ಅನ್ನೂ ಗುಳಿಗಿ ತೂಕ ಏರಿಸತೈತಿ, ಆದ್ರ ಕೊಬ್ಬನ್ನ ತೊಗಲಿನ ಕೆಳಗ ಸರಿಸಿ ಶುಗರ್ ಇಳಸತೈತಿ. ಡಾಕ್ಟರ್ ಕೊಟ್ಟರಷ್ಟ ತಗೋರಿ. ಇನ್ನ ದಪ್ಪ ಇದ್ದವರನ್ನ ಲಗ್ನದ ಪಂಗ್ತಿಯಾಗ ಮಂದಿ ಮುಂದ ಬೈಯೂದು, ದಯಮಾಡಿ ಇವತ್ತ ಬಿಡ್ರಿ.

ಮಾಂವಾರ, ನಿಮಗೂ ಒಂದು ಮಾತು. ಹಗೇವು ಎಷ್ಟು ದೊಡ್ಡದಿದ್ರೂ ಒಂದು ದಿನ ತುಂಬತೈತಿ. ಇವತ್ತು ನಾರ್ಮಲ್ ಬಂದ ದಪ್ಪ ಮಂದಿಯೊಳಗ ಭಾಳ ಜನರಿಗೆ ವರ್ಷ ಕಳದಂಗ ಶುಗರ್, ಬಿಪಿ ಬರತಾವ. ಮೊಣಕಾಲಿಗೂ ಭಾರ ಬೀಳತೈತಿ.

ಈ ವಿಡಿಯೋ ಮಾಡೂ ಮೊದಲ ಅಳಿಯಾಗ ಫೋನ್ ಹಚ್ಚಿ, ಟೇಪು ತಗೊಂಡು ಅಳಿ ಅಂದೆ. ಅವಂದು 94 ಸೆಂಟಿಮೀಟರ್ ಬಂತು. ಮಾಂವಂದು 103. ಮಾಂವ ಹೋಗಿ ಲಿವರ್ ಸ್ಕ್ಯಾನ್ ಮಾಡಿಸ್ಯಾನ, ಸ್ವಚ್ಛ ಐತಿ, ವರ್ಷಕ್ಕೊಮ್ಮೆ ಬರ್ರಿ ಅಂತ ಡಾಕ್ಟರ್ ಹೇಳ್ಯಾರ. ಅಳಿಯನ ಲಿವರಿನಾಗ ಕೊಬ್ಬು ಕಂಡೈತಿ. ಈಗ ಇಬ್ಬರೂ ಮುಂಜಾನೆ ಐದೂವರಿಗೆ ಘಟಪ್ರಭಾ ಹೊಳಿ ತನಕ ನಡಕೊಂಡು ಹೋಗಿ ಬರಾಕತ್ತಾರ.