ಅವನು ಯಾಕೆ ಸೋತ? ಕೊರಿಯನ್ ಡ್ರಾಮಾಗಳ ಎರಡನೇ ಹೀರೋ ಬಗ್ಗೆ

[ತೆರೆಯ ಮೇಲೆ: ಊಟದ ಟೇಬಲ್, ಅದರ ಮೇಲೆ ಒಂದು ಪುಟ್ಟ ಉಂಗುರದ ಡಬ್ಬಿ]

ಒಬ್ಬ ಹುಡುಗ ತಾನು ಇಷ್ಟಪಟ್ಟ ಹುಡುಗಿಯ ಮುಂದೆ ಉಂಗುರ ಇಡುತ್ತಾನೆ. ಐದಾರು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಮಾತನ್ನೆಲ್ಲ ಹೇಳುತ್ತಾನೆ. ಸ್ಕೂಲಿಗೆ ನಿನ್ನ ಜೊತೆ ಹೋಗಬೇಕು ಅಂತ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಕಾಯುತ್ತಿದ್ದೆ. ರಾತ್ರಿ ಓದಿ ನೀನು ಮನೆಗೆ ಬರುವವರೆಗೆ ನನಗೆ ನಿದ್ದೆ ಬರುತ್ತಿರಲಿಲ್ಲ. ಹುಡುಗಿ ಸುಮ್ಮನೆ ಕೇಳುತ್ತಾ ಕೂತಿರುತ್ತಾಳೆ. ಆಮೇಲೆ ಅವನು ಪಕ್ಕದಲ್ಲಿದ್ದ ಗೆಳೆಯನ ಕಡೆ ತಿರುಗಿ, ನಿನ್ನ ಆಸೆ ತೀರಿತಲ್ಲ ಅನ್ನುವ ಹಾಗೆ ನಗುತ್ತಾನೆ. ಅಷ್ಟೇ. ಹೇಳಿದ್ದೆಲ್ಲ ತಮಾಷೆ ಆಗಿಬಿಡುತ್ತದೆ.

ನಮಸ್ಕಾರ ಎಲ್ಲರಿಗೂ. ಈ ದೃಶ್ಯ ನೋಡಿದವರಿಗೆ ಯಾವ ಡ್ರಾಮಾ ಅಂತ ಗೊತ್ತಾಗಿರುತ್ತದೆ. ರಿಪ್ಲೈ 1988. ಹುಡುಗ ಜಂಗ್‌ಹ್ವಾನ್. ಹುಡುಗಿ ದೊಕ್‌ಸನ್. ನೋಡದೇ ಇರುವವರಿಗೆ ಒಂದು ಮಾತು: ಈ ವಿಡಿಯೋದಲ್ಲಿ ಕಥೆಯ ಕೊನೆಯವರೆಗೂ ಹೋಗುತ್ತೇನೆ. ಮೊದಲು ಡ್ರಾಮಾ ನೋಡಬೇಕು ಅಂತಿದ್ದರೆ ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ಇಪ್ಪತ್ತು ಎಪಿಸೋಡ್ ಇದೆ, ಒಂದೊಂದೂ ಒಂದು ಸಿನಿಮಾದಷ್ಟು ಉದ್ದ. ಆದರೂ ನೋಡಿ.

ಕೊರಿಯನ್ ಡ್ರಾಮಾ ನೋಡುವವರ ಬಾಯಲ್ಲಿ ಒಂದು ಮಾತು ಓಡಾಡುತ್ತಿರುತ್ತದೆ. ಸೆಕೆಂಡ್ ಲೀಡ್ ಸಿಂಡ್ರೋಮ್. ನಾಯಕಿ ಕೊನೆಗೆ ಯಾರನ್ನು ಸೇರುತ್ತಾಳೋ ಅವನ ಬದಲು, ಪಕ್ಕದಲ್ಲಿ ನಿಂತು ನೋಡುವ ಎರಡನೇ ಹೀರೋನೇ ನಮ್ಮ ಮನಸ್ಸಿಗೆ ಹತ್ತಿರ ಆಗುವುದು. ಇವನನ್ನು ಬಿಟ್ಟು ಅವನನ್ನು ಯಾಕೆ ಆರಿಸಿದಳು ಅಂತ ಸಂಕಟ ಪಡುವುದು. ನನಗೂ ಜಂಗ್‌ಹ್ವಾನ್ ವಿಷಯದಲ್ಲಿ ಇದೇ ಆಯಿತು. ಮೊದಲ ಸಲ ನೋಡಿ ಮುಗಿಸಿದಾಗ ಬರೆದವರ ಮೇಲೆ ಸಿಟ್ಟೇ ಬಂದಿತ್ತು. ಎರಡನೇ ಸಲ ನೋಡಿದೆ. ಈಗ ನನ್ನ ಅಭಿಪ್ರಾಯ ಬೇರೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಈ ಎರಡನೇ ಹೀರೋ ಎಲ್ಲಿಂದ ಬಂದ ಅಂತ ನೋಡೋಣ.

[ತೆರೆಯ ಮೇಲೆ: 1992, 2001, 2005, 2009, 2018]

ಜಪಾನಿನಲ್ಲಿ 1992ರಲ್ಲಿ ಒಂದು ಮಾಂಗಾ, ಅಂದರೆ ಚಿತ್ರಕಥೆ, ಶುರುವಾಯಿತು. ಹನಾ ಯೋರಿ ದಾಂಗೋ, ಬರೆದು ಚಿತ್ರ ಬಿಡಿಸಿದವರು ಯೋಕೋ ಕಾಮಿಯೋ. ಶ್ರೀಮಂತರ ಶಾಲೆಗೆ ಸೇರಿದ ಬಡವರ ಮನೆ ಹುಡುಗಿ, ಅಲ್ಲಿ ಎಲ್ಲರನ್ನೂ ಹೆದರಿಸುವ ನಾಲ್ವರು ಹುಡುಗರು. ಇದನ್ನೇ ಇಟ್ಟುಕೊಂಡು 2001ರಲ್ಲಿ ತೈವಾನ್, 2005ರಲ್ಲಿ ಜಪಾನ್, 2009ರಲ್ಲಿ ಕೊರಿಯಾ, 2018ರಲ್ಲಿ ಚೀನಾ ಡ್ರಾಮಾ ಮಾಡಿದವು. ಕೊರಿಯಾದ್ದು ಬಾಯ್ಸ್ ಓವರ್ ಫ್ಲವರ್ಸ್. ನಮ್ಮಲ್ಲಿ ಎಷ್ಟೋ ಜನ ನೋಡಿದ ಮೊದಲ ಕೊರಿಯನ್ ಡ್ರಾಮಾ ಅದೇ.

ನಾಲ್ಕೂ ದೇಶದಲ್ಲಿ ನಾಯಕ ಒಂದೇ ಥರ. ಕೂಗಾಡುತ್ತಾನೆ, ಹುಡುಗಿಯ ಕೈ ಹಿಡಿದು ಎಳೆಯುತ್ತಾನೆ, ಯಾರಿಗೂ ಕ್ಷಮೆ ಕೇಳುವುದಿಲ್ಲ. ಎರಡನೆಯವನೂ ನಾಲ್ಕೂ ಕಡೆ ಒಂದೇ ಥರ. ಮಾತು ಕಡಿಮೆ. ಸಂಗೀತ ಗೊತ್ತು. ಹುಡುಗಿ ಅಳುವಾಗ ಎಲ್ಲಿಂದಲೋ ಬಂದು ನಿಲ್ಲುತ್ತಾನೆ. ಕೊರಿಯಾದಲ್ಲಿ ಇವನ ಹೆಸರು ಯೂನ್ ಜೀಹೂ.

ನೇರವಾಗಿ ಹೇಳುತ್ತೇನೆ. ಆ ಡ್ರಾಮಾದ ನಾಯಕ ಗೂ ಜೂನ್‌ಪ್ಯೋ ಶುರುವಿನಲ್ಲಿ ಮಾಡುವುದು ಪ್ರೀತಿ ಅಲ್ಲ, ಹಿಂಸೆ. ಒಬ್ಬರ ಲಾಕರಿನಲ್ಲಿ ಕೆಂಪು ಕಾರ್ಡ್ ಇಟ್ಟರೆ ಇಡೀ ಶಾಲೆ ಅವರ ಮೇಲೆ ಬೀಳುತ್ತದೆ. ಮೊದಲ ಎಪಿಸೋಡಿನಲ್ಲೇ ಒಬ್ಬ ಹುಡುಗ ಅದನ್ನು ತಡೆಯಲಾರದೆ ಶಾಲೆಯ ಮೇಲಿಂದ ಹಾರಲು ಹೋಗುತ್ತಾನೆ. ಇದನ್ನೆಲ್ಲ ಮಾಡಿಸಿದವನನ್ನು, ಆ ಪಾತ್ರ ಮಾಡಿದ ಲೀ ಮಿನ್‌ಹೋ ಮುಖ ನೋಡಿ ಕ್ಷಮಿಸಿಬಿಟ್ಟೆವು. ನಾನೂ ಆಗ ಕ್ಷಮಿಸಿದೆ. ಈಗ ಆಗುವುದಿಲ್ಲ.

ಆದರೆ ಬರೆಯುವವರ ಕಡೆಯಿಂದ ನೋಡಿದರೆ ಇಲ್ಲಿ ಒಂದು ಲೆಕ್ಕ ಇದೆ. ಹದಿನಾರು, ಇಪ್ಪತ್ತು ಎಪಿಸೋಡ್ ಕಥೆ ಓಡಬೇಕು ಅಂದರೆ ಯಾರಾದರೂ ಬದಲಾಗಬೇಕು. ಒರಟನಾಗಿ ಶುರುವಾದವನಿಗೆ ಬದಲಾಗಲು ಜಾಗ ಇದೆ. ಒಳ್ಳೆಯವನಾಗಿಯೇ ಶುರುವಾದವನಿಗೆ ಇಲ್ಲ. ಎರಡನೇ ಹೀರೋ ಮೊದಲ ದಿನವೇ ಪೂರ್ತಿ ಬೆಂದ ಅನ್ನ. ಅವನ ಹತ್ತಿರ ಕೊಡೆ ಇರುತ್ತದೆ, ಕರ್ಚೀಫ್ ಇರುತ್ತದೆ, ಪುರುಸೊತ್ತು ಇರುತ್ತದೆ. ಇಲ್ಲದೇ ಇರುವುದು ಒಂದೇ: ನನಗೆ ನೀನು ಬೇಕು ಅಂತ ಹೇಳುವ ಬಾಯಿ. ನಮಗೆ ಅವನು ಇಷ್ಟ ಆಗುವುದೂ ಅದಕ್ಕೇ. ಕೇಳದೆ ಕೊಡುವವರನ್ನು ಕಂಡರೆ ನಮಗೆ ಮೊದಲಿಂದಲೂ ಗೌರವ ಜಾಸ್ತಿ, ಅಲ್ವಾ?

ಈಗ ಜಂಗ್‌ಹ್ವಾನ್ ಹತ್ತಿರ ಬರೋಣ.

[ತೆರೆಯ ಮೇಲೆ: ಸಿಯೋಲ್ ನಕ್ಷೆ, ಉತ್ತರದಲ್ಲಿ ಸಾಂಗ್‌ಮುನ್‌ಡಾಂಗ್]

ರಿಪ್ಲೈ 1988 ಕೊರಿಯಾದ ಟಿವಿಎನ್ ಚಾನೆಲ್ಲಿನಲ್ಲಿ 2015ರ ನವೆಂಬರ್‌ನಿಂದ 2016ರ ಜನವರಿವರೆಗೆ ಬಂತು. ನಿರ್ದೇಶನ ಶಿನ್ ವೊನ್‌ಹೋ, ಬರವಣಿಗೆ ಲೀ ವೂಜಂಗ್. ಸಿಯೋಲ್ ಒಲಿಂಪಿಕ್ಸ್ ನಡೆದ ವರ್ಷ, ಊರಿನ ಉತ್ತರದ ಒಂದು ಗಲ್ಲಿ, ಐದು ಮನೆ, ಐದು ಜನ ಗೆಳೆಯರು. ಒಂದು ಮನೆಯಲ್ಲಿ ಅಡುಗೆ ಆದರೆ ತಟ್ಟೆ ಹಿಡಿದು ಮಕ್ಕಳು ಇನ್ನೊಂದು ಮನೆಗೆ ಓಡಬೇಕು. ಆ ಮನೆಯವರು ತಟ್ಟೆ ಖಾಲಿ ಕಳಿಸುವುದಿಲ್ಲ. ವಠಾರದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸರಣಿಯ ಒಂದು ಆಟ ಇದೆ. ನಾಯಕಿಗೆ ಮುಂದೆ ಮದುವೆ ಆಗಿದೆ ಅಂತ ಮೊದಲೇ ತೋರಿಸುತ್ತಾರೆ. ಗಂಡ ಯಾರು ಅಂತ ನಾವು ಊಹಿಸುತ್ತಾ ಹೋಗಬೇಕು. ಇದಕ್ಕೆ ಮುಂಚೆ ಬಂದ ಎರಡು ಭಾಗಗಳಲ್ಲಿ, ಅಂದರೆ ರಿಪ್ಲೈ 1997 ಮತ್ತು ರಿಪ್ಲೈ 1994ರಲ್ಲಿ, ಬಾಯಲ್ಲಿ ಬೈದು ಮನಸ್ಸಿನಲ್ಲಿ ಪ್ರೀತಿ ಇಟ್ಟುಕೊಂಡವನೇ ಗಂಡ ಆಗಿದ್ದ. ಹಾಗಾಗಿ ಈ ಸಲವೂ ಮುಖ ಗಂಟಿಕ್ಕಿಕೊಂಡ ಜಂಗ್‌ಹ್ವಾನೇ ಅಂತ ಕೊರಿಯಾದಲ್ಲಿ ಎಷ್ಟೋ ಜನ ನಂಬಿದ್ದರು. ಅದಕ್ಕೊಂದು ಪದವೇ ಹುಟ್ಟಿತು, ಒನಮ್ರ್ಯು. ಏನೇ ಆಗಲಿ ಗಂಡ ರ್ಯು ಜುನ್‌ಯೋಲೇ ಅನ್ನುವುದರ ಚುಟುಕು. ರ್ಯು ಜುನ್‌ಯೋಲ್ ಅಂದರೆ ಜಂಗ್‌ಹ್ವಾನ್ ಪಾತ್ರ ಮಾಡಿದ ನಟ. ಕೊನೆಗೆ ಗಂಡ ಆದವನು ತೇಕ್. ಬಾದುಕ್ ಆಡುವ ಹುಡುಗ, ಆ ಪಾತ್ರ ಪಾರ್ಕ್ ಬೋಗಮ್ ಅವರದ್ದು. ಬಾದುಕ್ ಅಂದರೆ ಕಪ್ಪು ಬಿಳಿ ಕಾಯಿ ಇಟ್ಟು ಆಡುವ ಗೋ ಆಟ.

ಹಾಗಾದರೆ ಬರೆದವರು ನಮಗೆ ಮೋಸ ಮಾಡಿದರಾ? ಎರಡನೇ ಸಲ ನೋಡುವಾಗ ಜಂಗ್‌ಹ್ವಾನ್ ಮೇಲಿನ ಕಣ್ಣು ತೆಗೆದು ದೊಕ್‌ಸನ್ ಮೇಲೆ ಇಟ್ಟೆ. ಉತ್ತರ ಅಲ್ಲೇ ಇತ್ತು.

ಮೊದಲ ಎಪಿಸೋಡ್ ನೆನಪು ಮಾಡಿಕೊಳ್ಳಿ. ದೊಕ್‌ಸನ್ ಮನೆಯ ಮಧ್ಯದ ಮಗಳು. ಅಕ್ಕ ಬೋರಾ, ತಮ್ಮ ನೋಉಲ್. ಮೊಟ್ಟೆ ಎರಡೇ ಇದ್ದರೆ ಅಕ್ಕನಿಗೊಂದು, ತಮ್ಮನಿಗೊಂದು. ಕೋಳಿ ತಂದರೆ ಕಾಲು ಅವರಿಬ್ಬರಿಗೆ, ಇವಳಿಗೆ ರೆಕ್ಕೆ. ಹುಟ್ಟುಹಬ್ಬ ಅಕ್ಕನದ್ದಾದ ಮೂರು ದಿನಕ್ಕೆ ಇವಳದ್ದು. ಹಾಗಾಗಿ ಕೇಕ್ ಒಂದೇ. ಅಕ್ಕ ಊದಿದ ಮೇಲೆ ಅದೇ ಕೇಕಿಗೆ ಮತ್ತೆ ಮೇಣದಬತ್ತಿ. ಹೆಸರನ್ನೇ ನೋಡಿ. ಬೋರಾ ಅಂದರೆ ನೇರಳೆ ಬಣ್ಣ. ನೋಉಲ್ ಅಂದರೆ ಸಂಜೆ ಹೊತ್ತಿನ ಆಕಾಶದ ಕೆಂಪು. ದೊಕ್‌ಸನ್ ಅನ್ನುವುದು ಮಾತ್ರ ಹಳೇ ಕಾಲದ ಹೆಸರು. ಒಂದು ದಿನ ತಡೆಯಲಾರದೆ ಅವಳು ಅಪ್ಪ ಅಮ್ಮನ ಮುಂದೆ ಇದನ್ನೆಲ್ಲ ಕೂಗಿ ಹೇಳುತ್ತಾಳೆ. ಕೇಕಿನಿಂದ ಶುರುವಾದದ್ದು ಮೊಟ್ಟೆ, ಕೋಳಿ, ಹೆಸರಿನವರೆಗೂ ಹೋಗುತ್ತದೆ.

ಆಮೇಲೆ ಅಪ್ಪ ಒಂದು ಪುಟ್ಟ ಕೇಕ್ ತರುತ್ತಾನೆ. ಗಲ್ಲಿಯಲ್ಲಿ ಇಬ್ಬರೂ ಕೂರುತ್ತಾರೆ. ನಾನೂ ಹುಟ್ಟುತ್ತಲೇ ಅಪ್ಪ ಆಗಿರಲಿಲ್ಲ, ಅಪ್ಪ ಆಗಿರುವುದು ನನಗೂ ಇದೇ ಮೊದಲು, ಸ್ವಲ್ಪ ಸಹಿಸಿಕೋ ಅನ್ನುವ ಅರ್ಥದ ಮಾತು ಹೇಳುತ್ತಾನೆ. ಕೊರಿಯನ್ನಿನಲ್ಲಿ ಮಕ್ಕಳು ತಂದೆಯನ್ನು ಕರೆಯುವುದು ಅಪ್ಪಾ ಅಂತಲೇ. ಅಮ್ಮನಿಗೆ ಒಮ್ಮಾ. ದೊಕ್‌ಸನ್ ಅಪ್ಪಾ ಅಂದಾಗ ನಮಗೆ ಕೆಳಗಿನ ಅಕ್ಷರ ಓದಬೇಕಾಗಿಲ್ಲ. ಆ ಒಂದು ಪದಕ್ಕೇ ನನ್ನ ಗಂಟಲು ಕಟ್ಟಿತು.

ಈಗ ಈ ಹುಡುಗಿಯ ಪ್ರೀತಿ ಹೇಗೆ ಶುರುವಾಗುತ್ತದೆ ನೋಡಿ. ಗಲ್ಲಿಯ ಗೆಳೆಯರಲ್ಲಿ ಒಬ್ಬ ಸನ್‌ವೂ. ಅವನು ನಿನ್ನನ್ನು ಇಷ್ಟಪಡುತ್ತಾನೆ ಅಂತ ಗೆಳತಿಯರು ಹೇಳುತ್ತಾರೆ. ಇವಳಿಗೆ ಸನ್‌ವೂ ಇಷ್ಟ ಆಗುತ್ತಾನೆ. ಅವನು ನಿಜವಾಗಿ ಇಷ್ಟಪಡುತ್ತಿದ್ದುದು ಅಕ್ಕನನ್ನು. ಆಮೇಲೆ ಅದೇ ಗೆಳತಿಯರು, ಜಂಗ್‌ಹ್ವಾನ್‌ಗೆ ನಿನ್ನ ಮೇಲೆ ಮನಸ್ಸಿದೆ ಅನ್ನುತ್ತಾರೆ. ಇವಳ ಕಣ್ಣು ಅವನ ಕಡೆ ತಿರುಗುತ್ತದೆ. ಎರಡು ಸಲವೂ ಅವಳು ಹುಡುಗನನ್ನು ನೋಡಿ ಇಷ್ಟಪಟ್ಟದ್ದಲ್ಲ. ತನ್ನನ್ನು ಯಾರೋ ಇಷ್ಟಪಡುತ್ತಾರೆ ಅನ್ನುವ ಸುದ್ದಿಯನ್ನು ಇಷ್ಟಪಟ್ಟದ್ದು. ಕೋಳಿ ಕಾಲು ಸಿಗದ ಮಗಳಿಗೆ ಅಷ್ಟು ಸಾಕಾಗಿತ್ತು.

ಇದನ್ನು ಅವಳಿಗೆ ತೋರಿಸಿಕೊಡುವವನು ಡೊಂಗ್‌ರ್ಯೊಂಗ್. ಗುಂಪಿನಲ್ಲಿ ಕುಣಿದು ನಗಿಸುವ, ಓದಿನಲ್ಲಿ ಹಿಂದೆ ಇರುವ ಹುಡುಗ. ಅವನು ಕೇಳುತ್ತಾನೆ: ನಿನ್ನನ್ನು ಯಾರು ಇಷ್ಟಪಡುತ್ತಾರೆ ಅನ್ನುವುದು ಬಿಡು, ನಿನಗೆ ಯಾರು ಇಷ್ಟ? ದೊಕ್‌ಸನ್ ಹತ್ತಿರ ಉತ್ತರ ಇರುವುದಿಲ್ಲ. ಇಡೀ ಡ್ರಾಮಾ ಈ ಒಂದು ಪ್ರಶ್ನೆಯ ಮೇಲೆ ತಿರುಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಮೊದಲ ಸಲ ನೋಡುವಾಗ ನಾನು ಆ ಮಾತನ್ನು ಗಮನಿಸಿಯೇ ಇರಲಿಲ್ಲ.

ತೇಕ್ ಬಗ್ಗೆ ಯಾವ ಗೆಳತಿಯೂ ಅವಳ ಕಿವಿಯಲ್ಲಿ ಹೇಳಿರಲಿಲ್ಲ. ಬೋರ್ಡಿನ ಮುಂದೆ ದೊಡ್ಡ ದೊಡ್ಡ ಆಟಗಾರರನ್ನು ಸೋಲಿಸುವವನು, ಮನೆಗೆ ಬಂದರೆ ಶೂ ಲೇಸ್ ಕಟ್ಟಲು ಬರುವುದಿಲ್ಲ, ಮಾತ್ರೆ ಇಲ್ಲದೆ ನಿದ್ದೆ ಬರುವುದಿಲ್ಲ. ಚೀನಾದಲ್ಲಿ ಪಂದ್ಯ ಇದ್ದಾಗ ಅವಳು ಜೊತೆಗೆ ಹೋಗುತ್ತಾಳೆ. ಊಟ, ಮಲಗುವ ಕೋಣೆಯ ಬಿಸಿ, ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಮನೆಯಲ್ಲಿ ದಡ್ಡಿ ಅನ್ನಿಸಿಕೊಂಡ ಹುಡುಗಿ ಅಲ್ಲಿ ಎಲ್ಲವನ್ನೂ ನಿಭಾಯಿಸುತ್ತಾಳೆ. ತೇಕ್ ಪಕ್ಕದಲ್ಲಿ ಇರುವಾಗ ಅವಳಿಗೆ ತನ್ನ ಬಗ್ಗೆಯೇ ಬೇರೆ ಅಭಿಪ್ರಾಯ ಹುಟ್ಟುತ್ತದೆ. ಗಂಡ ಯಾರು ಅನ್ನುವ ಸುಳಿವನ್ನು ನಾವು ಹುಡುಗರ ಮುಖದಲ್ಲಿ ಹುಡುಕುತ್ತಿದ್ದೆವು.

ಹಾಗಂತ ತೇಕ್ ಎಲ್ಲದರಲ್ಲೂ ಮುಂದೆ ನುಗ್ಗಿದವನಲ್ಲ. ಜಂಗ್‌ಹ್ವಾನ್ ಪರ್ಸಿನಲ್ಲಿ ದೊಕ್‌ಸನ್ ಫೋಟೋ ನೋಡಿದ ಮೇಲೆ ಅವನೂ ಹಿಂದೆ ಸರಿದಿದ್ದ. ಇಬ್ಬರೂ ಗೆಳೆಯನಿಗಾಗಿ ಬಾಯಿ ಮುಚ್ಚಿಕೊಂಡವರೇ. ಜಂಗ್‌ಹ್ವಾನ್‌ಗೆ ಇದು ಮೈಗೆ ಅಂಟಿದ ಗುಣ. ಹೃದಯದ ತೊಂದರೆ ಇರುವ ಅಣ್ಣನ ಕನಸು ಅಂದುಕೊಂಡು ವಾಯುಪಡೆಯ ಪೈಲಟ್ ಆಗಲು ಹೊರಟವನು ಅವನು. ನನಗೆ ಇದು ಬೇಕು ಅಂತ ಯಾವತ್ತೂ ಹೇಳಿ ಅಭ್ಯಾಸ ಇಲ್ಲ. ಕುಲುಕುವ ಬಸ್ಸಿನಲ್ಲಿ ಅವಳ ಸುತ್ತ ಎರಡೂ ಕೈ ಒತ್ತಿ ನಿಂತು, ಬೇರೆಯವರು ತಾಗದ ಹಾಗೆ ನೋಡಿಕೊಳ್ಳುತ್ತಾನೆ. ಕೈಯ ನರ ಉಬ್ಬಿರುತ್ತದೆ. ನಮಗೆ ಅದು ಕಾಣಿಸುತ್ತದೆ, ಕ್ಯಾಮೆರಾ ಹತ್ತಿರ ಹೋಗಿ ತೋರಿಸುತ್ತದೆ. ಬಸ್ಸಿನಲ್ಲಿ ಬೆನ್ನು ತಿರುಗಿಸಿ ನಿಂತ ಅವಳಿಗೆ ಎಲ್ಲಿ ಕಾಣಿಸಬೇಕು? ಅವನ ಪ್ರೀತಿಯನ್ನು ಪೂರ್ತಿ ನೋಡಿದವರು ನಾವು, ಅವಳಲ್ಲ. ನಮ್ಮ ಸಿಟ್ಟಿಗೆ ನಿಜವಾದ ಕಾರಣ ಇದೇ.

1994ಕ್ಕೆ ಬಂದಾಗ, ಸಂಗೀತ ಕಾರ್ಯಕ್ರಮದ ಹಾಲ್ ಮುಂದೆ ದೊಕ್‌ಸನ್ ಒಬ್ಬಳೇ ನಿಂತಿದ್ದಾಳೆ. ಜಂಗ್‌ಹ್ವಾನ್ ಕಾರು ಓಡಿಸಿಕೊಂಡು ಹೊರಡುತ್ತಾನೆ. ಸಿಗ್ನಲ್ ಮೇಲೆ ಸಿಗ್ನಲ್ ಕೆಂಪು. ತಲುಪುವ ಹೊತ್ತಿಗೆ ತೇಕ್ ಅಲ್ಲಿದ್ದಾನೆ, ಆಡಬೇಕಿದ್ದ ಪಂದ್ಯವನ್ನೇ ಬಿಟ್ಟು ಬಂದಿದ್ದಾನೆ. ಆಗ ಜಂಗ್‌ಹ್ವಾನ್ ತನ್ನೊಳಗೇ ಹೇಳಿಕೊಳ್ಳುವ ಮಾತು ಈ ಡ್ರಾಮಾದಲ್ಲಿ ನನಗೆ ಅತಿ ಪ್ರಾಮಾಣಿಕ ಅನ್ನಿಸಿದ್ದು. ತಪ್ಪು ಸಿಗ್ನಲ್‌ದಲ್ಲ, ಹೊತ್ತಿನದ್ದೂ ಅಲ್ಲ, ನಾನು ಅಷ್ಟು ಸಲ ಹಿಂದೆ ಮುಂದೆ ನೋಡಿದ್ದು ಅಂತ ಒಪ್ಪಿಕೊಳ್ಳುತ್ತಾನೆ. ಅವನು ಬರೆದವರನ್ನು ಬೈಯಲಿಲ್ಲ. ನಾನು ಬೈದಿದ್ದೆ.

ಎಲ್ಲ ಡ್ರಾಮಾದಲ್ಲೂ ಹೀಗೆ ಲೆಕ್ಕ ಸರಿಹೋಗುವುದಿಲ್ಲ. 2020ರ ಸ್ಟಾರ್ಟ್-ಅಪ್ ನೋಡಿದವರಿಗೆ ಹಾನ್ ಜೀಪ್ಯಂಗ್ ನೆನಪಿರಬಹುದು, ಕಿಮ್ ಸನ್‌ಹೋ ಮಾಡಿದ ಪಾತ್ರ. ನಾಯಕಿ ದಾಲ್‌ಮಿ ಚಿಕ್ಕವಳಿದ್ದಾಗ ಅವಳ ಒಂಟಿತನ ಕಳೆದದ್ದು ಅವನು ಬರೆದ ಪತ್ರಗಳಿಂದ. ಅದರ ಕೆಳಗೆ ಇದ್ದದ್ದು ಮಾತ್ರ ಬೇರೆಯವನ ಹೆಸರು. ಇಲ್ಲಿ ಅವನು ಬಾಯಿ ಬಿಟ್ಟಿರಲಿಲ್ಲ ಅನ್ನಲು ಆಗುವುದಿಲ್ಲ, ಕಾಗದದ ತುಂಬ ಮಾತಾಡಿದ್ದ. ಅಷ್ಟು ದೊಡ್ಡ ಎಳೆಯನ್ನು ಕಥೆ ಬೇಗ ಕೈಬಿಟ್ಟಿತು ಅಂತಲೇ ಇವತ್ತಿಗೂ ನನ್ನ ಅಭಿಪ್ರಾಯ. ಆದರೆ ನನಗೆ ಉಳಿದುಕೊಂಡದ್ದು ದಾಲ್‌ಮಿಯ ಅಜ್ಜಿ. ತಿಂಡಿ ಮಾರುವ ಪುಟ್ಟ ಅಂಗಡಿಯಲ್ಲಿ ಅನಾಥ ಹುಡುಗನಿಗೆ ಮಲಗಲು ಜಾಗ ಕೊಟ್ಟವರು. ಅವನು ಊರು ಬಿಡುವಾಗ ಅಜ್ಜಿ ಹೇಳುವುದು ಇಷ್ಟು: ದೊಡ್ಡವನಾದರೆ, ಮದುವೆಯಾದರೆ ನನಗೆ ತಿಳಿಸಬೇಡ, ಕಷ್ಟ ಬಂದರೆ, ಮಳೆಯಲ್ಲಿ ಹೋಗಲು ಜಾಗ ಇಲ್ಲದಿದ್ದರೆ ಬಾ. ಹುಡುಗಿ ಸಿಗದೇ ಇದ್ದರೂ ಜೀಪ್ಯಂಗ್‌ಗೆ ಆ ಮನೆ ಸಿಕ್ಕಿತು. ಮುಂದಿನ ವರ್ಷವೇ ಕಿಮ್ ಸನ್‌ಹೋ ಹೋಮ್‌ಟೌನ್ ಚಾ-ಚಾ-ಚಾ ಡ್ರಾಮಾದಲ್ಲಿ ಮೊದಲ ಹೀರೋ ಆಗಿ ಬಂದಾಗ ನಮ್ಮಂಥವರಿಗೆ ಎಷ್ಟು ಖುಷಿ ಆಯಿತು ಅಂತ ಹೇಳಲಾರೆ.

[ತೆರೆಯ ಮೇಲೆ: ಖಾಲಿ ಗಲ್ಲಿ, ಮುಚ್ಚಿದ ಗೇಟುಗಳು]

ರಿಪ್ಲೈ 1988ರ ಕೊನೆಯ ಎಪಿಸೋಡಿನಲ್ಲಿ ಗಲ್ಲಿ ಖಾಲಿ ಆಗಿದೆ. ಹಳೇ ಮನೆಗಳನ್ನು ಕೆಡವುತ್ತಾರೆ, ಎಲ್ಲರೂ ಬಿಟ್ಟು ಹೋಗಿದ್ದಾರೆ. ದೊಕ್‌ಸನ್ ತೇಕ್ ರೂಮಿನ ಬಾಗಿಲು ತೆಗೆಯುತ್ತಾಳೆ. ಒಳಗೆ ನಾಲ್ವರೂ ಕೂತಿದ್ದಾರೆ, ಹದಿನೆಂಟರ ಹುಡುಗರಾಗಿ, ಟಿವಿ ಮುಂದೆ. ಇಷ್ಟು ಹೊತ್ತು ಎಲ್ಲಿದ್ದೆ ಅನ್ನುವ ಹಾಗೆ ನೋಡುತ್ತಾರೆ. ಜಂಗ್‌ಹ್ವಾನ್ ಕೂಡ ಅಲ್ಲೇ ಇದ್ದಾನೆ, ಯಾವಾಗಲೂ ಕೂರುವ ಹಾಗೆ. ಅವಳು ಒಳಗೆ ಹೋಗಿ ಅವರ ಮಧ್ಯೆ ಕೂರುತ್ತಾಳೆ.