ಒತ್ತಡಕ್ಕೆ ಸಿಕ್ಕಿದ ಇಲಿಯ ನೆನಪು ಎಲ್ಲಿಗೂ ಹೋಗಿಲ್ಲ

ವೀಕ್ಷಕರಿಗೆಲ್ಲ ನಮಸ್ಕಾರ. ದೀರ್ಘಕಾಲದ ಒತ್ತಡವು ಇಲಿಗಳ ಕಲಿಕೆಯನ್ನು ಹೇಗೆ ಬದಲಾಯಿಸುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ವಿವರಿಸಿದ್ದಕ್ಕೆ ಒಬ್ಬರು ಹೀಗೆ ಬರೆದಿದ್ದಾರೆ: ‘ಸಾರ್, ಒತ್ತಡ ಹೆಚ್ಚಾದರೆ ನೆನಪು ಹೋಗುತ್ತದೆ ಎನ್ನುವುದು ನಮ್ಮ ಅಜ್ಜಿಗೂ ಗೊತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.’ ಈ ಪ್ರತಿಕ್ರಿಯೆಗೆ ಬಂದ ಮೆಚ್ಚುಗೆಗಳು ನನ್ನ ಸಂಚಿಕೆಗೆ ಬಂದ ಮೆಚ್ಚುಗೆಗಳಿಗಿಂತ ಹೆಚ್ಚು ಎಂಬುದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಇಲಿಯನ್ನು ಹಿಡಿಯುವುದೇ ಉದ್ಯೋಗವಾಗಿರುವ ವಿಜ್ಞಾನಿಗಳಿಗೆ ಆ ಗಾದೆಯಿಂದ ಅವಮಾನವೂ ಆಗುವುದಿಲ್ಲ. ಆದರೆ ಅಜ್ಜಿಯ ಹೆಸರಿನಲ್ಲಿ ಹೊರಡಿಸಿದ ಆ ತೀರ್ಪು ತಪ್ಪು. ಒತ್ತಡಕ್ಕೆ ಸಿಕ್ಕಿದ ಇಲಿಯ ನೆನಪು ಹೋಗುವುದಿಲ್ಲ. ಜಾಗದ ನೆನಪು ಕುಗ್ಗುತ್ತದೆ, ಭಯದ ನೆನಪು ಬಲಿಯುತ್ತದೆ. ಇಂದು ನಾನು ಹೇಳುವುದು ಇದೊಂದನ್ನೇ.

ಮೊದಲು ಕುಗ್ಗುವ ಭಾಗವನ್ನು ನೋಡೋಣ. 1968ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಮೆಕ್‌ಇವೆನ್ ಮತ್ತು ಅವರ ಸಹೋದ್ಯೋಗಿಗಳು, ಇಲಿಯ ಅಡ್ರಿನಲ್ ಗ್ರಂಥಿಯಿಂದ ಹೊರಡುವ ಕಾರ್ಟಿಕೋಸ್ಟೆರೋನ್ ಎಂಬ ಒತ್ತಡದ ಹಾರ್ಮೋನು ಮೆದುಳಿನ ಹಿಪೊಕ್ಯಾಂಪಸ್ ಭಾಗದಲ್ಲಿ ಹೇರಳವಾಗಿ ಶೇಖರವಾಗುತ್ತದೆ ಎಂದು ತೋರಿಸಿದರು. ಜಾಗಗಳನ್ನು, ದಾರಿಗಳನ್ನು ನೆನಪಿಡುವ ಕೆಲಸದಲ್ಲಿ ಮುಖ್ಯವಾದ ಭಾಗ ಅದು. ಮುಂದೆ 1992ರಲ್ಲಿ ಅದೇ ಪ್ರಯೋಗಾಲಯದವರು ಇಲಿಗಳನ್ನು ದಿನಕ್ಕೆ 6 ಗಂಟೆಯಂತೆ 21 ದಿನ ಅಲುಗಾಡಲು ಆಗದಂತೆ ಬಂಧನದಲ್ಲಿರಿಸಿ ನೋಡಿದಾಗ, ಹಿಪೊಕ್ಯಾಂಪಸ್‌ನ ಸಿಎ3 ಎಂಬ ವಲಯದ ನರಕೋಶಗಳ ಡೆಂಡ್ರೈಟ್‌ಗಳು, ಅಂದರೆ ಬೇರೆ ಕೋಶಗಳಿಂದ ಸಂದೇಶ ಪಡೆಯುವ ಕೊಂಬೆಗಳು, ಮೊಟಕಾಗಿದ್ದವು. ನರಕೋಶಗಳು ಸತ್ತಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಅವುಗಳ ಕೊಂಬೆಗಳು ಮಾತ್ರ ಚಿಕ್ಕದಾಗಿದ್ದವು. 1994ರಲ್ಲಿ ವಿಕ್ಟೋರಿಯಾ ಲುಯಿನ್ ಮತ್ತು ಸಂಗಡಿಗರು ಹಾಗೆ ಬಂಧನದಲ್ಲಿದ್ದ ಇಲಿಗಳನ್ನು ಎಂಟು ತೋಳುಗಳ ಚಕ್ರವ್ಯೂಹಕ್ಕೆ ಬಿಟ್ಟರು. ಪ್ರತಿ ತೋಳಿನ ತುದಿಯಲ್ಲೂ ತಿನಿಸಿರುತ್ತದೆ. ಒಮ್ಮೆ ತಿಂದು ಬಂದ ತೋಳಿಗೆ ಮತ್ತೆ ಹೋದರೆ ಅದು ತಪ್ಪು. ಬಂಧನದಿಂದ ಬಂದ ಇಲಿಗಳು ಹೆಚ್ಚು ತಪ್ಪು ಮಾಡಿದವು. ಆದರೆ ಬಂಧನ ಮುಗಿದು ಕೆಲವು ದಿನಗಳ ಬಿಡುವು ಸಿಕ್ಕ ಇಲಿಗಳಲ್ಲಿ ಆ ಕೊರತೆ ಕಾಣಲಿಲ್ಲ. ಹೋಗಿದ್ದ ನೆನಪು ಬಿಡುವಿನಲ್ಲಿ ಎಲ್ಲಿಂದ ಬಂತು ಎಂದು ನಮ್ಮ ಪ್ರತಿಕ್ರಿಯಾ ಪಂಡಿತರು ತಿಳಿಸಬೇಕಾಗಿ ವಿನಂತಿ.

ಅರ್ಧ ಕಥೆ ಕೇಳಿ ಎದ್ದು ಹೋಗುವವರ ಸಮಸ್ಯೆ ಇರುವುದೇ ಇಲ್ಲಿ, ಏಕೆಂದರೆ ಉಳಿದರ್ಧ ನಮ್ಮ ಬೆಂಗಳೂರಿನಲ್ಲಿ ನಡೆಯಿತು. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡ, ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಅವರೊಡನೆ ಸೇರಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಬಂಧನದಲ್ಲಿರಿಸಲಾಗಿತ್ತು. ಹಿಪೊಕ್ಯಾಂಪಸ್‌ನಲ್ಲಿ ಕೊಂಬೆಗಳು ಎಂದಿನಂತೆ ಮೊಟಕಾಗಿದ್ದವು. ಆದರೆ ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಭಾಗದಲ್ಲಿ ಅದೇ ಒತ್ತಡದಿಂದ ಕೊಂಬೆಗಳು ಬೆಳೆದಿದ್ದವು! ಒಂದೇ ಇಲಿ, ಒಂದೇ ಒತ್ತಡ, ಒಂದು ಕಡೆ ಕುಗ್ಗುವಿಕೆ, ಇನ್ನೊಂದು ಕಡೆ ಬೆಳವಣಿಗೆ. ಬಳ್ಳಾರಿ ರಸ್ತೆಯ ಸಂಚಾರ ದಟ್ಟಣೆಯಲ್ಲಿ ಗಂಟೆಗಟ್ಟಲೆ ನಿಲ್ಲುವವರು, ಆ ರಸ್ತೆಯ ಪಕ್ಕದಲ್ಲೇ ಈ ಪ್ರಯೋಗ ನಡೆಯಿತೆಂದು ತಿಳಿದು ನಗಬಹುದು, ನನ್ನ ಅಭ್ಯಂತರವಿಲ್ಲ.

ಕತೆ ಅಷ್ಟಕ್ಕೆ ನಿಲ್ಲುವುದಿಲ್ಲ. 2004ರಲ್ಲಿ ಅದೇ ತಂಡ ಒತ್ತಡ ಕೊಟ್ಟ ಇಲಿಗಳಿಗೆ 21 ದಿನ ಬಿಡುವು ಕೊಟ್ಟಿತು. ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲಾದಲ್ಲಿ ಬೆಳೆದದ್ದು ಬೆಳೆದ ಹಾಗೆಯೇ ಉಳಿಯಿತು, ಇಲಿಗಳ ಆತಂಕವೂ ಉಳಿಯಿತು. 2005ರಲ್ಲಿ ಅವರು ಇಡೀ ಪ್ರಯೋಗದಲ್ಲಿ ಒಂದೇ ಒಂದು ಬಾರಿ, ಕೇವಲ 2 ಗಂಟೆ ಬಂಧನದಲ್ಲಿರಿಸಿದ ಇಲಿಗಳಲ್ಲಿ ಮರುದಿನ ಏನೂ ಕಾಣಲಿಲ್ಲ; 10 ದಿನ ಕಳೆದ ಮೇಲೆ ನೋಡಿದರೆ ಅಮಿಗ್ಡಲಾದ ಕೊಂಬೆಗಳ ಮೇಲಿನ ಮುಳ್ಳುಗಳಂಥ ಸಂಪರ್ಕ ಬಿಂದುಗಳು ಹೆಚ್ಚಾಗಿದ್ದವು. ನೆನಪು ಹೋಗುತ್ತದೆ ಎನ್ನುವ ಮಹನೀಯರೇ, ಇದು ಹೋಗುವ ಲಕ್ಷಣವೇ? ಶಬ್ದವೊಂದನ್ನು ಕೇಳಿಸಿ ಹಿಂದೆಯೇ ಪಾದಕ್ಕೆ ಸಣ್ಣ ವಿದ್ಯುತ್ ಆಘಾತ ಕೊಡುವ ಪರೀಕ್ಷೆಯಲ್ಲಿ, ದೀರ್ಘಕಾಲ ಒತ್ತಡದಲ್ಲಿದ್ದ ಗಂಡಿಲಿಗಳು ಉಳಿದವಕ್ಕಿಂತ ಹೆಚ್ಚು ಹೊತ್ತು ಸ್ತಬ್ಧವಾಗಿ ನಿಲ್ಲುತ್ತವೆ ಎಂಬುದೂ ವರದಿಯಾಗಿದೆ. ಭಯದ ಪಾಠದಲ್ಲಿ ಆ ಇಲಿ ತರಗತಿಗೇ ಮೊದಲು!

ಅಂದ ಹಾಗೆ, ಇಷ್ಟು ಹೊತ್ತು ಕೇಳಿದವರು ಇನ್ನೂ ಚಂದಾದಾರರಾಗದಿದ್ದರೆ ಈಗಲಾದರೂ ಆಗಿ. ಅಮಿಗ್ಡಲಾದ ಬಗ್ಗೆ ಕನ್ನಡದಲ್ಲಿ ಇಷ್ಟು ಸಿಟ್ಟಿನಿಂದ ಮಾತನಾಡುವವರು ನಿಮಗೆ ಬೇರೆ ಸಿಗಲಿಕ್ಕಿಲ್ಲ.

ಈಗ ಆಕ್ಷೇಪಗಳು. ‘ಸ್ವಲ್ಪ ಒತ್ತಡವಿದ್ದರೆ ಕಲಿಕೆ ಚೆನ್ನಾಗಿ ಆಗುತ್ತದಲ್ಲ?’ ಎಂದು ಕೇಳುವವರಿದ್ದಾರೆ. ಆಗುತ್ತದೆ ಸ್ವಾಮಿ. ಲುಯಿನ್ ಅವರ ತಂಡವೇ 1996ರಲ್ಲಿ 13 ದಿನಗಳ ಬಂಧನದ ನಂತರ ಇಲಿಗಳ ಜಾಗದ ನೆನಪು ಉತ್ತಮಗೊಂಡಿದ್ದನ್ನು ವರದಿ ಮಾಡಿದೆ. 13 ದಿನಕ್ಕೆ ಹಿಗ್ಗಿದ್ದು 21 ದಿನಕ್ಕೆ ಕುಗ್ಗಿದರೆ, ಆ ಹಿಗ್ಗನ್ನು ಹಿಡಿದು ಒತ್ತಡಕ್ಕೆ ಹಾರ ಹಾಕಲು ಹೊರಟವರಿಗೆ ನಾನೇನು ಹೇಳಲಿ? ಇನ್ನೊಬ್ಬರು, ಈ ಫಲಿತಾಂಶಗಳೆಲ್ಲ ಹೆಚ್ಚಾಗಿ ಗಂಡಿಲಿಗಳದ್ದು, ಹೆಣ್ಣಿಲಿಗಳಲ್ಲಿ ಅದೇ 21 ದಿನಗಳ ಬಂಧನ ಜಾಗದ ನೆನಪನ್ನು ಕೆಡಿಸದೆ ಕೆಲವೊಮ್ಮೆ ಉತ್ತಮಪಡಿಸಿದ್ದೂ ಇದೆ ಎಂದು ನೆನಪಿಸಿದ್ದಾರೆ. ನಿಜ. ನೆನಪು ಹೋಗುವುದಿಲ್ಲ ಎಂದು ನಾನು ಹೇಳುತ್ತಿರುವುದಕ್ಕೆ ಇದೂ ಒಂದು ಆಧಾರ ಎಂದುಕೊಂಡು ಮುಂದೆ ಹೋಗುತ್ತೇನೆ. ‘ಇಲಿ ಮನುಷ್ಯನಲ್ಲ’ ಎಂಬ ಮೂರನೆಯ ಆಕ್ಷೇಪವನ್ನು ಕಂಡುಹಿಡಿದವರಿಗೆ ಅಭಿನಂದನೆಗಳು.

ನಿಮ್ಹಾನ್ಸ್‌ನವರು 2008ರಲ್ಲಿ ಇನ್ನೊಂದು ದಾರಿ ತೋರಿಸಿದರು: ಒತ್ತಡಕ್ಕೆ ಒಳಗಾದ ಇಲಿಗಳಿಗೆ, ಮೆದುಳಿನಲ್ಲಿ ಸುಖ ಕೊಡುವ ಭಾಗಗಳನ್ನು ತಾವೇ ವಿದ್ಯುತ್ತಿನಿಂದ ಪ್ರಚೋದಿಸಿಕೊಳ್ಳಲು ಅವಕಾಶ ಕೊಟ್ಟಾಗ, ಮೊಟಕಾಗಿದ್ದ ಸಿಎ3 ಕೊಂಬೆಗಳೂ ಜಾಗದ ನೆನಪೂ ಸುಧಾರಿಸಿದವು. ಪೋರ್ಚುಗಲ್‌ನ ಸಂಶೋಧಕರು 2009ರಲ್ಲಿ, ಒತ್ತಡದಲ್ಲಿದ್ದ ಇಲಿಗಳು ಹೊಟ್ಟೆ ತುಂಬಿದ ಮೇಲೂ ತಿನಿಸಿಗಾಗಿ ಸನ್ನೆಕೋಲನ್ನು ಅಭ್ಯಾಸಬಲದಿಂದ ಒತ್ತುತ್ತಲೇ ಇದ್ದವು ಎಂದು ತೋರಿಸಿದರು. ಜಾಗ ಮರೆತ ಇಲಿಗೆ ಭಯ ನೆನಪಿದೆ, ಅಭ್ಯಾಸ ನೆನಪಿದೆ. ಇನ್ನೂ ಎಷ್ಟು ನೆನಪಿರಬೇಕಿತ್ತು ಆ ಬಡಪಾಯಿಗೆ, ಆಧಾರ್ ಸಂಖ್ಯೆಯೇ?

ಇನ್ನೂ ಒಪ್ಪದವರಿದ್ದರೆ ನನ್ನ ಬಳಿ ಹೊಸ ಕಾರಣಗಳಿಲ್ಲ. ಹಳೆಯದನ್ನೇ ಸ್ವಲ್ಪ ಜೋರಾಗಿ ಹೇಳಬಲ್ಲೆ. ಜಾಗದ್ದು ಕುಗ್ಗುತ್ತದೆ, ಭಯದ್ದು ಬಲಿಯುತ್ತದೆ, ಕುಗ್ಗಿದ್ದು ವಾಪಸ್ಸು ಬರುತ್ತದೆ, ಬಲಿತದ್ದು ಸುಲಭಕ್ಕೆ ಇಳಿಯುವುದಿಲ್ಲ! 2002ರ ಆ ಪ್ರಬಂಧ ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ. ಓದಲು ಪುರಸೊತ್ತಿಲ್ಲದವರು ಅದರಲ್ಲಿರುವ ನರಕೋಶಗಳ ರೇಖಾಚಿತ್ರಗಳನ್ನಷ್ಟೇ ನೋಡಿಕೊಂಡು ನನ್ನೊಡನೆ ಜಗಳಕ್ಕೆ ಬನ್ನಿ. ಬರುವಾಗ ಗಂಟೆಯ ಗುರುತನ್ನೂ ಒತ್ತಿ ಬಂದರೆ ಇನ್ನೂ ಒಳ್ಳೆಯದು.