ಜಾಮೀನು ನಿಂತವರ ಕೈಯೂ ಬರಿದಾದಾಗ

ಕೇಳುಗರಿಗೆಲ್ಲ ನಮಸ್ಕಾರ.

"ಸರ್ಕಾರದ ಗ್ಯಾರಂಟಿ ಇದೆ, ದುಡ್ಡು ಎಲ್ಲಿಗೂ ಹೋಗಲ್ಲ." ಎಷ್ಟೋ ಜನ ಈ ಒಂದು ಮಾತನ್ನು ನಂಬಿ ಬಾಂಡ್, ಅಂದರೆ ಕಂಪನಿಗೋ ಸಂಸ್ಥೆಗೋ ಸಾಲ ಕೊಟ್ಟಿದ್ದಕ್ಕೆ ಸಿಗುವ ಪತ್ರ, ಕೊಳ್ಳುತ್ತಾರೆ. ಕಾಲ ಚೆನ್ನಾಗಿರುವಾಗ ಆ ಮಾತು ನಿಜವೂ ಹೌದು. ಆದರೆ ಜಾಮೀನು ನಿಂತವರ ಬಾಗಿಲು ತಟ್ಟುವುದು ಯಾವಾಗ? ಸಾಲ ಮಾಡಿದವರು ಕೈಚೆಲ್ಲಿದಾಗ ಅಲ್ವಾ? ಆರ್ಥಿಕ ಹಿಂಜರಿತ ಬಂತೆಂದರೆ ವ್ಯಾಪಾರ ಬೀಳುತ್ತದೆ, ಕೆಲಸ ಹೋಗುತ್ತದೆ, ಕಂಪನಿಗಳು ಕಂತು ಕಟ್ಟಲಾಗದೆ ನಿಲ್ಲುತ್ತವೆ, ಅದೇ ಹೊತ್ತಿಗೆ ತೆರಿಗೆಯೂ ಇಳಿದು ಸರ್ಕಾರದ ಖಜಾನೆ ಸೊರಗಿರುತ್ತದೆ.

ಐರ್ಲೆಂಡಿನಲ್ಲಿ ಆಗಿದ್ದು ಇದೇ. 2008ರ ಸೆಪ್ಟೆಂಬರ್ ಕೊನೆಯಲ್ಲಿ, ರಾತ್ರಿ ಕಳೆದು ಬೆಳಗಾಗುವುದರೊಳಗೆ, ಅಲ್ಲಿನ ಸರ್ಕಾರ ಆರು ಬ್ಯಾಂಕುಗಳ ಠೇವಣಿಗೂ ಸಾಲಕ್ಕೂ ಜಾಮೀನು ನಿಂತಿತು. ಮೊತ್ತ ಸುಮಾರು 440 ಬಿಲಿಯನ್ ಯೂರೊ, ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ, ಅಂದರೆ ಜಿಡಿಪಿಯ, ಎರಡು ಪಟ್ಟಿಗಿಂತ ಜಾಸ್ತಿ. ಆ ಬ್ಯಾಂಕುಗಳು ಸಾಲ ಸುರಿದಿದ್ದು ಮನೆ, ಜಮೀನಿನ ಮೇಲೆ. ಸರ್ಕಾರದ ತೆರಿಗೆಯಲ್ಲೂ ದೊಡ್ಡ ಪಾಲು ಬರುತ್ತಿದ್ದುದು ಅದೇ ಮನೆ, ಜಮೀನಿನ ವ್ಯವಹಾರದಿಂದ. ಬೆಲೆ ಕುಸಿದಾಗ ಎರಡೂ ಒಟ್ಟಿಗೇ ಮುಳುಗಿದವು. ಬ್ಯಾಂಕುಗಳನ್ನು ಉಳಿಸಲು ಸುಮಾರು 64 ಬಿಲಿಯನ್ ಯೂರೊ ಹೋಯಿತು. 2007ರಲ್ಲಿ ಜಿಡಿಪಿಯ ಕಾಲು ಭಾಗದಷ್ಟಿದ್ದ ಸರ್ಕಾರದ ಸಾಲ 2012ರ ಹೊತ್ತಿಗೆ ಜಿಡಿಪಿಯನ್ನೇ ಮೀರಿತ್ತು. ಮುಂದಿನ ಪಿಂಚಣಿಗೆಂದು ಕೂಡಿಟ್ಟಿದ್ದ ನಿಧಿಗೂ ಕೈ ಹಾಕಬೇಕಾಯಿತು. ನನಗೆ ತುಂಬಾ ನೋವು ಕೊಡುವುದು ಇದು. ಆ ಸಾಲಕ್ಕೂ ಪಿಂಚಣಿಗೆ ಕಾದಿದ್ದವರಿಗೂ ಯಾವ ಸಂಬಂಧವೂ ಇರಲಿಲ್ಲ.

ಯೂರೊ ಬಳಸುವ ಐರ್ಲೆಂಡಿನಂತಲ್ಲದೆ, ಸ್ವಂತ ನೋಟು ಮುದ್ರಿಸುವ ದೇಶಕ್ಕೆ ಈ ಭಯ ಇಲ್ಲ ಅನ್ನುವವರಿದ್ದಾರೆ. ಆದರೆ 1998ರ ಆಗಸ್ಟ್‌ನಲ್ಲಿ ರಷ್ಯಾ ತನ್ನದೇ ರೂಬಲ್ ಸಾಲವನ್ನು ತೀರಿಸದೆ ಕೈಎತ್ತಿತು. ನೋಟು ಮುದ್ರಿಸಿ ತೀರಿಸಿದರೂ, ಕೈಗೆ ಬಂದ ದುಡ್ಡಿನ ಬೆಲೆ ಕರಗಿದ್ದರೆ ಬಾಂಡ್ ಕೊಂಡವರಿಗೆ ಸಿಕ್ಕಿದ್ದಾದರೂ ಏನು?

ನನ್ನ ತಕರಾರು ಲೆಕ್ಕದ್ದು. ಜಾಮೀನು ಕೊಡುವ ದಿನ ಖಜಾನೆಯಿಂದ ಒಂದು ಪೈಸೆಯೂ ಹೋಗುವುದಿಲ್ಲ, ಸುಮ್ನೆ ಒಂದು ಸಹಿ. ಹಾಗಾಗಿ ಎಷ್ಟೋ ಕಡೆ ಅದನ್ನು ಬಜೆಟ್ಟಿನ ಸಾಲದಲ್ಲಿ ಸೇರಿಸುವುದೇ ಇಲ್ಲ. ಸ್ವೀಡನ್ ಹಾಗೆ ಮಾಡುವುದಿಲ್ಲ. ಜಾಮೀನು ಕೊಡುವಾಗಲೇ ಎಷ್ಟು ನಷ್ಟ ಆಗಬಹುದು ಎಂದು ಅಂದಾಜು ಹಾಕಿ, ಅಷ್ಟಕ್ಕೆ ಶುಲ್ಕ ವಸೂಲು ಮಾಡಿ, ಬೇರೆ ಖಾತೆಯಲ್ಲಿ ಇಡುತ್ತಾರೆ. ಶುಲ್ಕ ಕಟ್ಟುವವರು ಯಾರೂ ಇಲ್ಲದಿದ್ದರೆ ಆ ದುಡ್ಡನ್ನು ಬಜೆಟ್ಟಿನಿಂದಲೇ ತೆಗೆದಿಡಬೇಕು, ಅಂದರೆ ಸಹಿ ಹಾಕುವ ದಿನವೇ ಸಂಸತ್ತಿನ ಎದುರು ಆ ಖರ್ಚು ತೋರಿಸಬೇಕು.

ನಮಸ್ಕಾರ.